ಒಂದು ಟ್ರಾನ್ಸ್‌ಮಿಟರ್, ನೂರಾರು ರಿಸೀವರ್: ಯಾವ ಡೇಟಾ ಎಷ್ಟು ಸಲ, ಯಾವ ಕ್ರಮದಲ್ಲಿ ಕಳಿಸಬೇಕು?

ಲೋರಾ (ಕಡಿಮೆ ಪವರ್‌ನಲ್ಲಿ ಸ್ವಲ್ಪ ಡೇಟಾವನ್ನು ದೂರಕ್ಕೆ ಕಳಿಸುವ ರೇಡಿಯೋ ತಂತ್ರ) ಬಗ್ಗೆ ಬರೆದಾಗಲೆಲ್ಲ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಒಂದು ಟ್ರಾನ್ಸ್‌ಮಿಟರ್ ಇಟ್ಟಿದ್ದೇನೆ, ಸುತ್ತಲಿನ ರಿಸೀವರ್‌ಗಳಿಗೆಲ್ಲ ಮಾಹಿತಿ ಹೋಗುತ್ತಿದೆ. ಐಟಂ ಜಾಸ್ತಿ ಆದಂತೆ ಕಾಯುವ ಸಮಯವೂ ಜಾಸ್ತಿ ಆಗ್ತಿದೆ, ಬ್ಯಾಟರಿಯೂ ಬೇಗ ಹೋಗ್ತಿದೆ, ಏನು ಮಾಡಲಿ?" ಫೈನಲ್ ಇಯರ್ ಪ್ರಾಜೆಕ್ಟ್ ಮಾಡುವವರೂ ಇದನ್ನು ಕೇಳುತ್ತಾರೆ, ತೋಟದಲ್ಲಿ ಇಂಥದ್ದನ್ನು ನಿಜವಾಗಿ ಓಡಿಸುತ್ತಿರುವವರೂ ಕೇಳುತ್ತಾರೆ. ಹೆಚ್ಚಿನವರ ಕೈ ಮೊದಲು ಹೋಗುವುದು ಸ್ಪೀಡ್ ಜಾಸ್ತಿ ಮಾಡುವ ಸೆಟ್ಟಿಂಗಿಗೆ. ಅದನ್ನು ಮುಟ್ಟುವ ಮೊದಲು ಕಳಿಸುವ ಕ್ರಮ ಸರಿ ಮಾಡಿ. ಹೊಸ ಹಾರ್ಡ್‌ವೇರ್ ಏನೂ ಬೇಡ, ಒಂದು ಪೆನ್ನು, ಒಂದು ಕಾಗದ ಸಾಕು.

ಮೊದಲು ಬ್ರಾಡ್‌ಕಾಸ್ಟ್ ಅಂದರೆ ಏನು ಅಂತ ಸ್ಪಷ್ಟ ಮಾಡಿಕೊಳ್ಳೋಣ. ಒಬ್ಬರೇ ಕಳಿಸುತ್ತಾರೆ, ರೇಂಜಿನಲ್ಲಿರುವ ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ಹತ್ತು ಜನ ಕೇಳಿದರೂ ಸಾವಿರ ಜನ ಕೇಳಿದರೂ ಕಳಿಸುವವರಿಗೆ ಖರ್ಚು ಅಷ್ಟೇ. 2023ರಲ್ಲಿ ನಮ್ಮೆಲ್ಲರ ಫೋನು ಒಟ್ಟಿಗೆ ಜೋರಾಗಿ ಕೂಗಿ ತುರ್ತು ಸಂದೇಶದ ಪರೀಕ್ಷೆ ತೋರಿಸಿತ್ತಲ್ವಾ, ಅದು ಇದೇ ತರಹದ ಸೆಲ್ ಬ್ರಾಡ್‌ಕಾಸ್ಟ್. ಟವರ್ ಪ್ರತಿ ಫೋನಿಗೂ ಬೇರೆ ಬೇರೆ ಎಸ್‌ಎಂಎಸ್ ಕಳಿಸಲಿಲ್ಲ, ಒಂದೇ ಸಂದೇಶವನ್ನು ಎಲ್ಲರಿಗೂ ಹರಡಿತು. ಇದರಲ್ಲಿ ಒಂದು ಕಷ್ಟವೂ ಇದೆ. ಕೇಳುವವರಿಗೆ ಬೇಕಾದ ಐಟಂ ಈಗ ತಾನೇ ಹೋಗಿಬಿಟ್ಟಿದ್ದರೆ ಅದು ಮತ್ತೆ ಬರುವ ತನಕ ಕಾಯಲೇಬೇಕು. ಈ ಕಾಯುವಿಕೆಯನ್ನು ಕಡಿಮೆ ಮಾಡುವುದೇ ಶೆಡ್ಯೂಲಿಂಗ್.

ಈ ಲೇಖನಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಹಳ್ಳಿ, ಒಂದು ಲೋರಾ ಟ್ರಾನ್ಸ್‌ಮಿಟರ್, ತೋಟಗಳಲ್ಲಿ ಬ್ಯಾಟರಿ ಮೇಲೆ ಓಡುವ ಪುಟ್ಟ ಡಿಸ್‌ಪ್ಲೇಗಳು. ಕಳಿಸುವ ಐಟಂ ನಾಲ್ಕು: ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತದೆ (ಇದನ್ನು ಕ ಅನ್ನೋಣ), ಮಳೆ ಮುನ್ಸೂಚನೆ (ಮ), ಎಪಿಎಂಸಿ ಬೆಲೆ (ಬ), ಡಿಸ್‌ಪ್ಲೇಯ ಸೆಟ್ಟಿಂಗ್ (ಸ).

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು: ಟ್ರಾನ್ಸ್‌ಮಿಟರ್, ಕನಿಷ್ಠ ಎರಡು ರಿಸೀವರ್ (ಒಂದೇ ಇಟ್ಟುಕೊಂಡು ಟೆಸ್ಟ್ ಮಾಡಿದರೆ ಗಡಿಯಾರದ ತೊಂದರೆಗಳು ಕಣ್ಣಿಗೇ ಬೀಳುವುದಿಲ್ಲ), ಪೈಥಾನ್ ಓಡುವ ಒಂದು ಕಂಪ್ಯೂಟರ್. ಇನ್ನೊಂದು ಮಾತು. ಲೋರಾ ಲೈಬ್ರರಿಗಳ ಜೊತೆ ಬರುವ ಉದಾಹರಣೆ ಕೋಡ್‌ಗಳಲ್ಲಿ ಸಾಮಾನ್ಯವಾಗಿ 868 ಅಥವಾ 915 ಮೆಗಾಹರ್ಟ್ಸ್ ಅಂತ ಬರೆದಿರುತ್ತದೆ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿರುವುದು 865ರಿಂದ 868 ಮೆಗಾಹರ್ಟ್ಸ್ ಜಾಗ, ಅದಕ್ಕೂ ಪವರ್ ಮಿತಿ ಇದೆ. ಲೋರಾ ಮೇಲೆ ಕಟ್ಟಿದ ನೆಟ್‌ವರ್ಕ್ ಪದ್ಧತಿಯಾದ ಲೋರಾವ್ಯಾನ್‌ನ ಭಾರತದ ಚಾನೆಲ್‌ಗಳು 865.0625, 865.4025, 865.985. ಕೋಡ್ ಕಾಪಿ ಮಾಡಿದ ಕೂಡಲೇ ಈ ಸಾಲು ಬದಲಾಯಿಸಿ, ಆಮೇಲೆ ಮಾಡೋಣ ಅಂತ ಬಿಡಬೇಡಿ.

1. ಪ್ರತಿ ಐಟಂ ಗಾಳಿಯಲ್ಲಿ ಎಷ್ಟು ಹೊತ್ತು ಇರುತ್ತದೆ ಅಂತ ಲೆಕ್ಕ ಹಾಕಿ

ಬೈಟ್ ಲೆಕ್ಕ ಇಲ್ಲಿ ಸಾಲದು. ಪ್ಯಾಕೆಟ್ (ಒಂದು ಸಲಕ್ಕೆ ಕಳಿಸುವ ಡೇಟಾ ತುಂಡು) ಒಂದು ಗಾಳಿಯಲ್ಲಿ ಇರುವ ಸಮಯ ಬೇಕು, ಅದನ್ನು ಏರ್‌ಟೈಮ್ ಅನ್ನುತ್ತಾರೆ. ಲೋರಾದಲ್ಲಿ ಅದನ್ನು ಜಾಸ್ತಿ ಬದಲಾಯಿಸುವುದು ಸ್ಪ್ರೆಡಿಂಗ್ ಫ್ಯಾಕ್ಟರ್, ಅಂದರೆ ಒಂದೊಂದು ಚಿಹ್ನೆಯನ್ನು ಎಷ್ಟು ಎಳೆದು ಉದ್ದ ಮಾಡಿ ಕಳಿಸುತ್ತೀರಿ ಅನ್ನುವ ಸಂಖ್ಯೆ. ಅದು ದೊಡ್ಡದಾದಷ್ಟೂ ಸಿಗ್ನಲ್ ದೂರ ಹೋಗುತ್ತದೆ, ನಿಧಾನವೂ ಆಗುತ್ತದೆ. 50 ಬೈಟಿನ ಪ್ಯಾಕೆಟ್, 125 ಕಿಲೋಹರ್ಟ್ಸ್ ಅಗಲ, ಉಳಿದದ್ದೆಲ್ಲ ಮಾಮೂಲಿ ಸೆಟ್ಟಿಂಗ್ ಅಂದುಕೊಂಡರೆ 7ರಲ್ಲಿ ಸುಮಾರು 98 ಮಿಲಿಸೆಕೆಂಡ್, 9ರಲ್ಲಿ 329, 12ರಲ್ಲಿ 2,302 ಮಿಲಿಸೆಕೆಂಡ್ ಬೇಕು.

ಈ ಸಂಖ್ಯೆಗಳನ್ನು ಸ್ವಲ್ಪ ನಿಂತು ನೋಡಿ. 9ರಿಂದ 12ಕ್ಕೆ ಹೋದರೆ 7 ಪಟ್ಟು ಸಮಯ. ಬ್ರಾಡ್‌ಕಾಸ್ಟ್‌ನಲ್ಲಿ ಪ್ರತಿ ರಿಸೀವರ್‌ಗೆ ಬೇರೆ ಬೇರೆ ಸೆಟ್ಟಿಂಗ್ ಇಡಲು ಆಗುವುದಿಲ್ಲ, ಎಲ್ಲಕ್ಕಿಂತ ಕೆಟ್ಟ ಜಾಗದಲ್ಲಿರುವ ರಿಸೀವರ್‌ಗೆ ಏನು ಬೇಕೋ ಅದನ್ನೇ ಎಲ್ಲರಿಗೂ ಇಡಬೇಕು. ಗುಡ್ಡದ ಹಿಂದಿನ ಒಂದೇ ಒಂದು ಮನೆಗೋಸ್ಕರ ಇಡೀ ಊರಿನ ಕಾಯುವಿಕೆಯನ್ನು 7 ಪಟ್ಟು ಮಾಡುವುದಕ್ಕಿಂತ ಆ ಮನೆಯ ಆಂಟೆನಾವನ್ನು ಸ್ವಲ್ಪ ಎತ್ತರಕ್ಕೆ ಕಟ್ಟುವುದು ಎಷ್ಟೋ ಒಳ್ಳೆಯದು. ಶೆಡ್ಯೂಲ್ ಕೆಲಸ ಶುರು ಮಾಡುವ ಮೊದಲೇ ಇದನ್ನು ಮುಗಿಸಿಕೊಳ್ಳಿ.

ನಮ್ಮ ಉದಾಹರಣೆಯಲ್ಲಿ ಪ್ರತಿ ಐಟಂ ಒಂದೇ ಪ್ಯಾಕೆಟ್ ಅಂತಿರಲಿ. 10 ಸೆಕೆಂಡಿಗೆ ಒಂದು ಪ್ಯಾಕೆಟ್ ಕಳಿಸೋಣ. ಈ 10 ಸೆಕೆಂಡಿನ ತುಂಡಿಗೆ ಸ್ಲಾಟ್ ಅಂತ ಹೆಸರು. ಗಾಳಿ ತುಂಬ ನಾವೊಬ್ಬರೇ ಇರಬಾರದು ನೋಡಿ, ಅದೇ ಜಾಗದಲ್ಲಿ ಬೇರೆಯವರ ಮೀಟರ್, ಸೆನ್ಸರ್‌ಗಳೂ ಮಾತಾಡುತ್ತಿರುತ್ತವೆ.

ವೈಫೈ ಮೇಲೆ ಮಾಡುತ್ತಿರುವವರಿಗೆ ಒಂದು ಎಚ್ಚರಿಕೆ. ರೂಟರ್ ಬಾಕ್ಸ್ ಮೇಲೆ ಬರೆದಿರುವ ಸ್ಪೀಡನ್ನು ಬ್ರಾಡ್‌ಕಾಸ್ಟಿಗೆ ಲೆಕ್ಕ ಹಾಕಬೇಡಿ. ಬ್ರಾಡ್‌ಕಾಸ್ಟ್ ಪ್ಯಾಕೆಟ್‌ಗಳು ಸಾಮಾನ್ಯವಾಗಿ ಎಲ್ಲರಿಗೂ ಅರ್ಥವಾಗುವ ಕಡಿಮೆ ಸ್ಪೀಡಿನಲ್ಲಿ ಹೋಗುತ್ತವೆ. ತಲುಪಿತೋ ಇಲ್ಲವೋ ಅಂತ ಯಾರೂ ಉತ್ತರ ಕೊಡುವುದಿಲ್ಲ.

2. ಯಾವುದಕ್ಕೆ ಎಷ್ಟು ಬೇಡಿಕೆ ಅಂತ ಕಂಡುಹಿಡಿಯಿರಿ

ಪ್ರತಿ ಐಟಂ ಪಕ್ಕ ಒಂದು ಪಾಲು ಬರೆಯಿರಿ. ನೂರು ಸಲ ಜನ ಡಿಸ್‌ಪ್ಲೇ ಬಟನ್ ಒತ್ತಿದರೆ ಎಷ್ಟು ಸಲ ಅದು ಈ ಐಟಂಗಾಗಿ? ನಮ್ಮ ಹಳ್ಳಿಗೆ ಹೀಗಿರಲಿ: ಕ 0.64, ಮ 0.16, ಬ 0.16, ಸ 0.04. ಒಟ್ಟು 1.

"ನನ್ನದು ಒನ್ ವೇ, ಯಾರು ಏನು ನೋಡ್ತಾರೆ ಅಂತ ನನಗೆ ಹೇಗೆ ಗೊತ್ತಾಗಬೇಕು?" ಅಂತ ಕೇಳುತ್ತೀರಿ. ನಾಲ್ಕೈದು ರಿಸೀವರ್‌ಗಳಲ್ಲಿ ಬಟನ್ ಒತ್ತಿದ ಎಣಿಕೆಯನ್ನು ಮೆಮೊರಿಯಲ್ಲಿ ಉಳಿಸಿಡಿ, ವಾರದ ಮೇಲೆ ಹೋಗಿ ಓದಿಕೊಂಡು ಬನ್ನಿ. ಅದೂ ಆಗದಿದ್ದರೆ ಬಳಸುವವರನ್ನೇ ಕೇಳಿ, ಒಂದು ಅಂದಾಜು ಬರೆಯಿರಿ. ಅಂದಾಜು ತಪ್ಪಾದರೆ ಅಂತ ತುಂಬ ಹೆದರಬೇಡಿ, ಮುಂದಿನ ಹಂತದಲ್ಲಿ ವರ್ಗಮೂಲ ಬರುತ್ತದೆ, ಅದರಿಂದ ನಿಮ್ಮ ಅಂದಾಜು 4 ಪಟ್ಟು ತಪ್ಪಿದ್ದರೂ ಶೆಡ್ಯೂಲ್‌ನಲ್ಲಿ ಆಗುವ ತಪ್ಪು 2 ಪಟ್ಟು ಮಾತ್ರ.

3. ಎಷ್ಟು ಸಲ ಕಳಿಸಬೇಕು: ವರ್ಗಮೂಲದ ನಿಯಮ

ಎಲ್ಲರೂ ಮೊದಲು ಮಾಡುವುದು ಸಾದಾ ಸುತ್ತು. ಕ ಮ ಬ ಸ, ಮತ್ತೆ ಕ ಮ ಬ ಸ. ಸುತ್ತು 4 ಸ್ಲಾಟ್, ಯಾವ ಐಟಂ ಬೇಕಾದರೂ ಸರಾಸರಿ ಅರ್ಧ ಸುತ್ತು ಕಾಯಬೇಕು, ಅಂದರೆ 2 ಸ್ಲಾಟ್, 20 ಸೆಕೆಂಡ್. ಇದು ನಮ್ಮ ಅಳತೆಗೋಲು, ನೆನಪಿಟ್ಟುಕೊಳ್ಳಿ.

ಎರಡನೆಯ ಯೋಚನೆ ಎಲ್ಲರಿಗೂ ಬರುವಂಥದ್ದು: ಬೇಡಿಕೆ ಎಷ್ಟಿದೆಯೋ ಅಷ್ಟು ಸಲ ಕಳಿಸೋಣ. ಕ 16 ಸಲ, ಮ 4, ಬ 4, ಸ 1, ಒಟ್ಟು 25 ಸ್ಲಾಟ್. ನ್ಯಾಯವಾಗಿಯೇ ಕಾಣುತ್ತದೆ. ಈಗ ಲೆಕ್ಕ ಹಾಕಿ. ಎಲ್ಲವನ್ನೂ ಸಮ ಅಂತರದಲ್ಲಿ ಕಳಿಸಲು ಆಯಿತು ಅಂತಲೇ ಇಟ್ಟುಕೊಂಡರೆ ಕ ಬರುವುದು 25/16 ಸ್ಲಾಟಿಗೊಮ್ಮೆ, ಮ ಮತ್ತು ಬ 25/4 ಸ್ಲಾಟಿಗೊಮ್ಮೆ, ಸ 25ಕ್ಕೊಮ್ಮೆ. ಪ್ರತಿಯೊಂದನ್ನೂ ಅದರ ಪಾಲಿನಿಂದ ಗುಣಿಸಿದರೆ ನಾಲ್ಕಕ್ಕೂ 1 ಬರುತ್ತದೆ. ಕೂಡಿದರೆ 4, ಅರ್ಧ ಮಾಡಿದರೆ 2 ಸ್ಲಾಟ್. ಸಾದಾ ಸುತ್ತಿನಷ್ಟೇ! ಜನಪ್ರಿಯ ಐಟಂ ಬೇಗ ಸಿಕ್ಕಿದ್ದರ ಲಾಭವನ್ನೆಲ್ಲ ಅಪರೂಪದ ಐಟಂಗಳಿಗೆ ಕಾದವರು ತೆತ್ತರು. ಇದು ಈ ಸಂಖ್ಯೆಗಳಿಗೆ ಮಾತ್ರ ಹೀಗಾಗಿದ್ದಲ್ಲ. ಒಂದೇ ಗಾತ್ರದ ಐಟಂಗಳಿದ್ದರೆ ಯಾವ ಪಾಲು ಹಾಕಿದರೂ ಹೀಗೇ ಆಗುತ್ತದೆ, ಬೇಕಾದರೆ ನಿಮ್ಮ ಸಂಖ್ಯೆ ಹಾಕಿ ನೋಡಿ.

ಸರಿಯಾದ ಉತ್ತರ ಈ ಎರಡರ ಮಧ್ಯೆ ಇದೆ. ಪಾಲಿನ ವರ್ಗಮೂಲಕ್ಕೆ ತಕ್ಕಷ್ಟು ಸಲ ಕಳಿಸಬೇಕು. ಟಿವಿ ಸಿಗ್ನಲ್ ಜೊತೆ ಅಕ್ಷರದ ಪುಟಗಳನ್ನು ಕಳಿಸುವ ಟೆಲಿಟೆಕ್ಸ್ಟ್ ಬಗ್ಗೆ ಕೆಲಸ ಮಾಡುತ್ತಿದ್ದ ಅಮ್ಮಾರ್ ಮತ್ತು ವಾಂಗ್ 1985ರಲ್ಲೇ ಇದನ್ನು ತೋರಿಸಿದ್ದರು. 0.64, 0.16, 0.16, 0.04 ಇವುಗಳ ವರ್ಗಮೂಲ 0.8, 0.4, 0.4, 0.2. ಅಂದರೆ 4:2:2:1. ಒಟ್ಟು 9 ಸ್ಲಾಟಿನ ಸುತ್ತು. ಸಾಧ್ಯವಿರುವ ಅತಿ ಕಡಿಮೆ ಸರಾಸರಿ ಎಷ್ಟು ಅಂತಲೂ ಇದರಿಂದಲೇ ಸಿಗುತ್ತದೆ: ವರ್ಗಮೂಲಗಳನ್ನು ಕೂಡಿ (1.8), ವರ್ಗ ಮಾಡಿ (3.24), ಅರ್ಧ ಮಾಡಿ. 1.62 ಸ್ಲಾಟ್. ಇದಕ್ಕಿಂತ ಕಡಿಮೆ ಯಾರಿಂದಲೂ ಆಗುವುದಿಲ್ಲ, ಆದ್ದರಿಂದ ಅಲ್ಲಿಗೆ ಹತ್ತಿರ ಬಂದ ಮೇಲೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ನಾಲ್ಕೇ ಐಟಂ ಇರುವಾಗ ಉಳಿತಾಯ ಚಿಕ್ಕದಾಗಿ ಕಾಣುತ್ತದೆ. 100 ಐಟಂ ಇದ್ದು, ಎರಡನೆಯದಕ್ಕೆ ಮೊದಲನೆಯದರ ಅರ್ಧ ಬೇಡಿಕೆ, ಮೂರನೆಯದಕ್ಕೆ ಮೂರನೇ ಒಂದು ಭಾಗ, ಹೀಗೆ ಇಳಿಯುತ್ತಾ ಹೋದರೆ (ಇದನ್ನು ಜಿಫ್ ಹಂಚಿಕೆ ಅನ್ನುತ್ತಾರೆ) ಸರಾಸರಿ 50 ಸ್ಲಾಟಿನಿಂದ ಸುಮಾರು 33ಕ್ಕೆ ಇಳಿಯುತ್ತದೆ.

ಗಾತ್ರ ಬೇರೆ ಬೇರೆ ಇದ್ದರೆ? ಪಾಲನ್ನು ಗಾತ್ರದಿಂದ ಭಾಗಿಸಿ, ಆಮೇಲೆ ವರ್ಗಮೂಲ ತೆಗೆಯಿರಿ. ಬೆಲೆ ಪಟ್ಟಿ 4 ಪ್ಯಾಕೆಟ್ ಆದರೆ 0.16/4 = 0.04, ವರ್ಗಮೂಲ 0.2. ಅಷ್ಟೇ ಬೇಡಿಕೆಯ ಮಳೆ ಮುನ್ಸೂಚನೆಯ ಅರ್ಧದಷ್ಟು ಸಲ ಮಾತ್ರ ಅದನ್ನು ಕಳಿಸಬೇಕು. ದೊಡ್ಡ ಐಟಂ ಒಂದು ಸಲ ಹೋಗುವಾಗ ಉಳಿದವರೆಲ್ಲ ಕಾಯುತ್ತಾರಲ್ಲ, ಅದಕ್ಕೆ.

4. ಕ್ರಮ: ಸಮ ಅಂತರ ಬಿಡಿ

ಹೆಚ್ಚಿನವರು ಎಡವುವುದು ಇಲ್ಲಿ. ಎಷ್ಟು ಸಲ ಅನ್ನುವುದು ಸರಿಯಿದ್ದೂ ಕ್ರಮ ತಪ್ಪಿದರೆ ಎಲ್ಲ ಹಾಳು. ಅದೇ 4:2:2:1 ಇಟ್ಟುಕೊಂಡು ಎರಡು ತರಹ ಬರೆಯುತ್ತೇನೆ.

ಮೊದಲನೆಯದು: ಕ ಕ ಕ ಕ ಮ ಮ ಬ ಬ ಸ

ಎರಡನೆಯದು: ಕ ಮ ಕ ಬ ಕ ಮ ಕ ಬ ಸ

ಸರಾಸರಿ ಕಾಯುವಿಕೆ ಲೆಕ್ಕ ಹಾಕುವ ಸುಲಭ ದಾರಿ ಹೇಳುತ್ತೇನೆ. ಒಂದು ಐಟಂ ಶುರುವಾಗಿ ಮತ್ತೆ ಅದೇ ಐಟಂ ಶುರುವಾಗುವ ತನಕದ ಅಂತರಗಳನ್ನು ಬರೆಯಿರಿ. ಪ್ರತಿ ಅಂತರವನ್ನೂ ವರ್ಗ ಮಾಡಿ, ಕೂಡಿ, ಸುತ್ತಿನ ಉದ್ದದ ಎರಡು ಪಟ್ಟಿನಿಂದ ಭಾಗಿಸಿ. ಮೊದಲನೆಯ ಕ್ರಮದಲ್ಲಿ ಕ ಅಂತರಗಳು 1, 1, 1, 6. ವರ್ಗಗಳ ಮೊತ್ತ 39. ಅದನ್ನು 18ರಿಂದ ಭಾಗಿಸಿದರೆ 2.17. ಎರಡನೆಯದರಲ್ಲಿ ಅಂತರ 2, 2, 2, 3. ಮೊತ್ತ 21, ಭಾಗಿಸಿದರೆ 1.17. ಇದೇ ರೀತಿ ಮ, ಬ ಎರಡಕ್ಕೂ ಮೊದಲನೆಯದರಲ್ಲಿ 3.61, ಎರಡನೆಯದರಲ್ಲಿ 2.28. ಸ ಎರಡರಲ್ಲೂ 4.5.

ಪಾಲಿನಿಂದ ಗುಣಿಸಿ ಕೂಡಿದರೆ ಮೊದಲನೆಯ ಕ್ರಮಕ್ಕೆ 2.72 ಸ್ಲಾಟ್, ಎರಡನೆಯದಕ್ಕೆ 1.66. ಒಂದು 27 ಸೆಕೆಂಡ್, ಇನ್ನೊಂದು 17 ಸೆಕೆಂಡಿಗೂ ಕಡಿಮೆ. ಕಳಿಸಿದ ಪ್ಯಾಕೆಟ್‌ಗಳು ಅವೇ, ಎಷ್ಟು ಸಲ ಅನ್ನುವುದೂ ಅದೇ. ಮೊದಲನೆಯದು ಏನೂ ಯೋಚನೆ ಮಾಡದ ಸಾದಾ ಸುತ್ತಿಗಿಂತಲೂ (2.0) ಕೆಟ್ಟದಾಯಿತು, ಎರಡನೆಯದು ಸಾಧ್ಯವಿರುವ ಅತ್ಯುತ್ತಮಕ್ಕೆ (1.62) ಅಂಟಿಕೊಂಡೇ ಇದೆ.

ಯಾಕೆ ಹೀಗೆ? ಎರಡು ಬಸ್ ಒಟ್ಟಿಗೆ ಬಂದು ಆಮೇಲೆ ಎರಡು ಗಂಟೆ ಬಸ್ಸೇ ಇಲ್ಲದ ರೂಟಿನಲ್ಲಿ ಓಡಾಡಿದವರಿಗೆ ಇದು ಗೊತ್ತು. ಗಂಟೆಗೆ ಒಂದು ಬಸ್ ಅಂತ ಬೋರ್ಡಿನಲ್ಲಿ ಬರೆದಿದ್ದರೂ ನೀವು ಸ್ಟಾಪಿಗೆ ಬರುವುದು ಆ ದೊಡ್ಡ ಖಾಲಿ ಹೊತ್ತಿನಲ್ಲೇ ಆಗುವ ಸಾಧ್ಯತೆ ಜಾಸ್ತಿ. ಲೆಕ್ಕದಲ್ಲಿ ಅಂತರವನ್ನು ವರ್ಗ ಮಾಡುವುದು ಇದಕ್ಕೇ.

ಈ ತಪ್ಪು ಕೋಡ್ ಒಳಗೆ ಹೇಗೆ ನುಸುಳುತ್ತದೆ ಅಂದರೆ, "ಮುಖ್ಯವಾದದ್ದು, ತಲುಪಲಿ" ಅಂತ ಒಂದು ಪ್ಯಾಕೆಟನ್ನು ಲೂಪ್ ಹಾಕಿ ಬೆನ್ನುಬೆನ್ನಿಗೆ ಮೂರು ಸಲ ಕಳಿಸುತ್ತಾರೆ. ಗದ್ದಲ ಇದ್ದರೆ ಆ ಮೂರೂ ಒಟ್ಟಿಗೆ ಹಾಳಾಗುತ್ತವೆ. ಮೂರು ಸಲ ಕಳಿಸುವುದಿದ್ದರೆ ಸುತ್ತಿನ ತುಂಬ ಹರಡಿ.

ನಿಜವಾದ ವ್ಯವಸ್ಥೆಯಲ್ಲಿ ಇದು ಹೇಗೆ ಕಾಣುತ್ತದೆ ಅಂತ ನೋಡಬೇಕಾದರೆ ಜಿಪಿಎಸ್ ನೋಡಿ. ಪ್ರತಿ ಉಪಗ್ರಹ ಸೆಕೆಂಡಿಗೆ ಬರೀ 50 ಬಿಟ್ ಕಳಿಸುತ್ತದೆ. 1,500 ಬಿಟ್‌ನ ಒಂದು ಫ್ರೇಮ್‌ಗೆ 30 ಸೆಕೆಂಡ್. ಆ ಉಪಗ್ರಹ ಈಗ ನಿಖರವಾಗಿ ಎಲ್ಲಿದೆ, ಅದರ ಗಡಿಯಾರ ಎಷ್ಟು ಸರಿಯಿದೆ ಅನ್ನುವುದು ಪ್ರತಿ ಫ್ರೇಮ್‌ನಲ್ಲೂ ಬರುತ್ತದೆ, ಯಾಕೆಂದರೆ ಅದಿಲ್ಲದೆ ನಿಮ್ಮ ಜಾಗ ಗೊತ್ತಾಗುವುದಿಲ್ಲ. ಎಲ್ಲ ಉಪಗ್ರಹಗಳ ಒರಟು ಪಟ್ಟಿಯನ್ನು 25 ಫ್ರೇಮ್‌ಗಳ ಮೇಲೆ ಹಂಚಿ 12.5 ನಿಮಿಷಕ್ಕೊಮ್ಮೆ ಮುಗಿಸುತ್ತಾರೆ. ಬೆಂಗಳೂರಿನ ಹತ್ತಿರ ಬ್ಯಾಲಾಳಿನಲ್ಲಿ ನ್ಯಾವಿಗೇಷನ್ ಸೆಂಟರ್ ಇರುವ, ಜಿಪಿಎಸ್ ತರಹದ ನಮ್ಮದೇ ವ್ಯವಸ್ಥೆ ನಾವಿಕ್‌ನಲ್ಲೂ ಹೀಗೇ. ನಾಲ್ಕು ಭಾಗಗಳಲ್ಲಿ ಮೊದಲ ಎರಡು ಅತಿ ಅಗತ್ಯದವು, ಪ್ರತಿ ಸಲವೂ ಬರುತ್ತವೆ. ಉಳಿದ ಎರಡರಲ್ಲಿ ಬೇರೆ ಬೇರೆ ಸಂದೇಶಗಳು ಸರದಿಯಲ್ಲಿ ಬರುತ್ತವೆ.

5. ಐಟಂ ಜಾಸ್ತಿ ಇದ್ದರೆ ಕ್ರಮವನ್ನು ಕೋಡ್ ಆರಿಸಲಿ

ಹತ್ತು ಐಟಂ ದಾಟಿದ ಮೇಲೆ ಕೈಯಲ್ಲಿ ಕ್ರಮ ಬರೆಯಲು ಹೋಗಬೇಡಿ. ವೈದ್ಯ ಮತ್ತು ಹಮೀದ್ 1990ರ ದಶಕದಲ್ಲಿ ಕೊಟ್ಟ ಒಂದು ಸಣ್ಣ ಸೂತ್ರ ಇದೆ, ಐದಾರು ಸಾಲಿನ ಕೋಡ್ ಅಷ್ಟೇ. ಪ್ರತಿ ಸ್ಲಾಟ್ ಶುರುವಾಗುವಾಗ ಪ್ರತಿ ಐಟಂಗೂ ಒಂದು ಅಂಕ ಕೊಡಿ: ಅದನ್ನು ಕೊನೆಯ ಸಲ ಕಳಿಸಿ ಎಷ್ಟು ಸ್ಲಾಟ್ ಆಯಿತೋ ಅದರ ವರ್ಗ, ಗುಣಿಸು ಬೇಡಿಕೆಯ ಪಾಲು, ಭಾಗಿಸು ಗಾತ್ರ. ಯಾವುದಕ್ಕೆ ಜಾಸ್ತಿ ಅಂಕ ಬಂತೋ ಅದನ್ನು ಕಳಿಸಿ.

ನಮ್ಮ ಉದಾಹರಣೆಯಲ್ಲಿ ಕ ಮ ಕ ಬ ಕ ಮ ಕ ಬ ಹೋಗಿದೆ, ಈಗ ಒಂಬತ್ತನೆಯ ಸ್ಲಾಟ್ ಅಂತಿಟ್ಟುಕೊಳ್ಳಿ. ಕ ಹೋಗಿ 2 ಸ್ಲಾಟ್ ಆಗಿದೆ: 4 × 0.64 = 2.56. ಮ ಹೋಗಿ 3: 9 × 0.16 = 1.44. ಬ ಈಗ ತಾನೇ ಹೋಗಿದೆ: 0.16. ಸ ಇನ್ನೂ ಹೋಗಿಯೇ ಇಲ್ಲ, 9 ಅಂತ ಎಣಿಸೋಣ: 81 × 0.04 = 3.24. ಸ ಗೆದ್ದಿತು. ನಾವು ಕೈಯಲ್ಲಿ ಬರೆದ ಕ್ರಮವೂ ಅದೇ ಅಲ್ವಾ?

ಎರಡು ಐಟಂಗೆ ಸಮ ಅಂಕ ಬಂದರೆ ಯಾವುದು ಜಾಸ್ತಿ ಹೊತ್ತಿನಿಂದ ಕಾಯುತ್ತಿದೆಯೋ ಅದಕ್ಕೆ ಕೊಡಿ. ಹಾಗೆ ಮಾಡಿದಾಗ ಕ್ರಮ ಒಂದೆರಡು ಕಡೆ ಅದಲುಬದಲಾಗಬಹುದು, ಪರವಾಗಿಲ್ಲ.

ಈ ಸೂತ್ರದ ಇನ್ನೊಂದು ಅನುಕೂಲ ಅಂದರೆ ಬೇಡಿಕೆ ಬದಲಾದಾಗ ಪಾಲಿನ ಸಂಖ್ಯೆ ಮಾತ್ರ ಬದಲಾಯಿಸಿದರೆ ಸಾಕು, ಮುಂದಿನ ಸ್ಲಾಟಿನಿಂದಲೇ ಕ್ರಮ ತಾನಾಗಿ ಸರಿಹೋಗುತ್ತದೆ. ತೊಂದರೆಯೂ ಒಂದಿದೆ. ಮುಂದೆ ಏನು ಬರುತ್ತದೆ ಅಂತ ರಿಸೀವರ್‌ಗೆ ಮೊದಲೇ ಗೊತ್ತಿರುವುದಿಲ್ಲ. ಬ್ಯಾಟರಿ ಉಳಿಸಬೇಕಾದರೆ ಅದು ಗೊತ್ತಿರಲೇಬೇಕು. ಆದ್ದರಿಂದ ನನ್ನ ಸಲಹೆ, ಈ ಕೋಡನ್ನು ಓಡಿಸಿ ಒಂದು ಉದ್ದದ ಕ್ರಮ ತೆಗೆದುಕೊಳ್ಳಿ, ಅದನ್ನು ಒಂದು ಸುತ್ತಾಗಿ ಗಟ್ಟಿ ಮಾಡಿ, ಆ ದಿನವೆಲ್ಲ ಅದನ್ನೇ ತಿರುಗಿಸಿ.

6. ರಿಸೀವರ್ ಮಲಗಲಿ: ಇಂಡೆಕ್ಸ್ ಕಳಿಸಿ

ಬ್ಯಾಟರಿ ಮೇಲೆ ಓಡುವುದಾದರೆ ಈ ಹಂತವನ್ನು ಬಿಡಲೇಬೇಡಿ. ಎಸ್‌ಎಕ್ಸ್1276 ಅನ್ನುವ ಲೋರಾ ರೇಡಿಯೋ ಚಿಪ್ ಕೇಳುತ್ತಾ ಕೂತರೆ ಸುಮಾರು 11 ಮಿಲಿಆಂಪ್ ಕುಡಿಯುತ್ತದೆ. ಮಲಗಿದರೆ 1 ಮೈಕ್ರೋಆಂಪಿಗೂ ಕಡಿಮೆ. 2,000 ಎಂಎಎಚ್ ಬ್ಯಾಟರಿ ಹಾಕಿ ರೇಡಿಯೋ ಯಾವಾಗಲೂ ತೆರೆದಿಟ್ಟರೆ ಏಳೂವರೆ ದಿನದಲ್ಲಿ ಖಾಲಿ. ನೂರರಲ್ಲಿ ಒಂದು ಭಾಗದ ಸಮಯ ಮಾತ್ರ ತೆರೆದರೆ ಕಾಗದದ ಲೆಕ್ಕದಲ್ಲಿ ಎರಡು ವರ್ಷ. ಉಳಿದ ಸರ್ಕ್ಯೂಟ್ ಕುಡಿಯುವುದು, ಬ್ಯಾಟರಿ ತಾನಾಗಿ ಇಳಿಯುವುದು ಎಲ್ಲ ಸೇರಿ ಅಷ್ಟು ಬರುವುದಿಲ್ಲ ನಿಜ, ಆದರೂ ವ್ಯತ್ಯಾಸ ನೋಡಿ.

ಹಾಗಾಗಿ ಎರಡು ಸಮಯಗಳನ್ನು ಬೇರೆ ಬೇರೆ ಎಣಿಸಬೇಕು. ಬೇಕು ಅಂದ ಹೊತ್ತಿನಿಂದ ಸಿಗುವ ತನಕ ಆಗುವುದು ಕಾಯುವ ಸಮಯ. ಅದರಲ್ಲಿ ರೇಡಿಯೋ ತೆರೆದಿರುವಷ್ಟು ಹೊತ್ತು ಕೇಳುವ ಸಮಯ. ಬಳಸುವವರಿಗೆ ಮೊದಲನೆಯದು ಕಾಣುತ್ತದೆ, ಬ್ಯಾಟರಿಗೆ ಎರಡನೆಯದು.

ಕೇಳುವ ಸಮಯ ಇಳಿಸಲು ಮಧ್ಯೆ ಮಧ್ಯೆ ಇಂಡೆಕ್ಸ್ ಕಳಿಸುತ್ತಾರೆ. ಯಾವ ಐಟಂ ಎಷ್ಟು ಸ್ಲಾಟ್ ಆದ ಮೇಲೆ ಬರುತ್ತದೆ ಅನ್ನುವ ಪಟ್ಟಿ ಅದು. ಜೊತೆಗೆ ಪ್ರತಿಯೊಂದು ಪ್ಯಾಕೆಟ್‌ನಲ್ಲೂ "ಮುಂದಿನ ಇಂಡೆಕ್ಸ್ ಇನ್ನೆಷ್ಟು ಸ್ಲಾಟ್ ದೂರ" ಅಂತ ಒಂದು ಬೈಟ್ ಇಡಿ. ಆಗ ರಿಸೀವರ್ ಎದ್ದು ಯಾವುದೋ ಒಂದು ಪ್ಯಾಕೆಟ್ ಕೇಳುತ್ತದೆ, ಇಂಡೆಕ್ಸ್ ಯಾವಾಗ ಅಂತ ತಿಳಿದು ಮಲಗುತ್ತದೆ. ಇಂಡೆಕ್ಸ್ ಹೊತ್ತಿಗೆ ಎದ್ದು ಓದುತ್ತದೆ, ಮತ್ತೆ ಮಲಗುತ್ತದೆ, ತನ್ನ ಐಟಂ ಹೊತ್ತಿಗೆ ಏಳುತ್ತದೆ.

ಇಂಡೆಕ್ಸ್ ಎಷ್ಟು ಸಲ ಇಡಬೇಕು? ಇಮಿಯೆಲಿನ್ಸ್ಕಿ, ವಿಶ್ವನಾಥನ್, ಬದರಿನಾಥ್ 1994ರಲ್ಲಿ ಇದಕ್ಕೂ ಉತ್ತರ ಕೊಟ್ಟಿದ್ದಾರೆ, ಮತ್ತೆ ವರ್ಗಮೂಲವೇ. ಒಂದು ಸುತ್ತಿನ ಡೇಟಾ ಪ್ಯಾಕೆಟ್‌ಗಳನ್ನು ಇಂಡೆಕ್ಸ್ ಪ್ಯಾಕೆಟ್‌ಗಳಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. 100 ಪ್ಯಾಕೆಟ್ ಡೇಟಾ ಸಾದಾ ಸುತ್ತಿನಲ್ಲಿದೆ, ಇಂಡೆಕ್ಸ್ 4 ಪ್ಯಾಕೆಟ್ ಅಂದರೆ 25ರ ವರ್ಗಮೂಲ 5. ಸುತ್ತಿನಲ್ಲಿ 5 ಕಡೆ ಸಮ ಅಂತರದಲ್ಲಿ ಇಂಡೆಕ್ಸ್ ಇಡಿ.

ಇದಕ್ಕೆ ತೆರುವ ಬೆಲೆ ಏನು ಅಂತ ತಿಳಿದಿರಲಿ. ಇಂಡೆಕ್ಸ್ ಇಲ್ಲದಿದ್ದರೆ ಸರಾಸರಿ 50 ಸ್ಲಾಟ್ ಕಾಯಬೇಕು, ಆ 50ರ ತುಂಬ ಕೇಳುತ್ತಲೇ ಇರಬೇಕು. ಒಂದೇ ಇಂಡೆಕ್ಸ್ ಇಟ್ಟರೆ ಕಾಯುವುದು 104ಕ್ಕೆ ಏರುತ್ತದೆ. 5 ಇಟ್ಟರೆ 72, 10 ಇಟ್ಟರೆ ಮತ್ತೆ 77, 25 ಇಟ್ಟರೆ ವಾಪಸ್ 104. ಆದರೆ 5 ಇಟ್ಟಾಗ ಕೇಳುವುದು ಹೆಚ್ಚೆಂದರೆ ಆರೇಳು ಪ್ಯಾಕೆಟ್. ಕಾಯುವುದು ಒಂದೂವರೆ ಪಟ್ಟು ಆಯಿತು, ಕೇಳುವುದು ಎಂಟನೇ ಒಂದು ಭಾಗಕ್ಕೆ ಇಳಿಯಿತು. ತೋಟದ ಡಿಸ್‌ಪ್ಲೇಗೆ ನಾನು ಕಣ್ಣು ಮುಚ್ಚಿ ಇದನ್ನೇ ಆರಿಸುತ್ತೇನೆ. ಮೇನ್ಸ್ ಕರೆಂಟ್ ಇರುವ ರಿಸೀವರ್‌ಗೆ ಇಂಡೆಕ್ಸೇ ಬೇಡ. ನಮ್ಮ 9 ಸ್ಲಾಟಿನ ಸುತ್ತಿಗೂ ಪ್ರತ್ಯೇಕ ಇಂಡೆಕ್ಸ್ ಬೇಡ, ಇದು ಸುತ್ತಿನ ಎಷ್ಟನೆಯ ಸ್ಲಾಟ್ ಅಂತ ಪ್ರತಿ ಪ್ಯಾಕೆಟ್‌ನಲ್ಲಿ ಒಂದು ಸಂಖ್ಯೆ ಇದ್ದರೆ ಉಳಿದದ್ದು ರಿಸೀವರ್‌ಗೆ ಗೊತ್ತಾಗುತ್ತದೆ.

ಇಲ್ಲಿನ ದೊಡ್ಡ ಗುಂಡಿ ಗಡಿಯಾರ. 20 ಪಿಪಿಎಂ ಕ್ರಿಸ್ಟಲ್ (ಹತ್ತು ಲಕ್ಷಕ್ಕೆ 20 ತಪ್ಪುವಂಥದ್ದು) ಗಂಟೆಗೆ 72 ಮಿಲಿಸೆಕೆಂಡ್ ಜಾರಬಹುದು. ಕಳಿಸುವ ಕಡೆ ಮುಂದಕ್ಕೆ, ಕೇಳುವ ಕಡೆ ಹಿಂದಕ್ಕೆ ಜಾರಿದರೆ 144. ಒಂದು ಗಂಟೆ ಮಲಗುವುದಾದರೆ ಅಷ್ಟು ಮೊದಲೇ ಏಳಬೇಕು, ಅಷ್ಟು ತಡವಾಗಿ ಬಂದರೂ ಕಾಯಬೇಕು. ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಬಳಸುವವರು ಇನ್ನೂ ಹುಷಾರು. ಡೀಪ್ ಸ್ಲೀಪ್‌ನಲ್ಲಿ ಅದು ಮಾಮೂಲಿಯಾಗಿ ಬಳಸುವುದು ಒಳಗಿನ ಆರ್‌ಸಿ ಗಡಿಯಾರ (ಕ್ರಿಸ್ಟಲ್ ಇಲ್ಲದ್ದು), ಅದು ಚಳಿ ಬಿಸಿಲಿಗೆಲ್ಲ ಬದಲಾಗುತ್ತದೆ, ಕ್ರಿಸ್ಟಲ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಜಾರುತ್ತದೆ. ಹೊರಗೊಂದು 32 ಕಿಲೋಹರ್ಟ್ಸ್ ಕ್ರಿಸ್ಟಲ್ ಹಾಕಿ, ಕೇಳಿದ ಪ್ರತಿ ಪ್ಯಾಕೆಟ್‌ನಿಂದಲೂ ಗಡಿಯಾರ ಸರಿಮಾಡಿಕೊಳ್ಳಿ. ಮನೆಯೊಳಗೆ ಮೇಜಿನ ಮೇಲೆ ಚೆನ್ನಾಗಿ ಓಡಿದ್ದು ಬಿಸಿಲಿನಲ್ಲಿ ಪ್ಯಾಕೆಟ್ ತಪ್ಪಿಸುತ್ತಿದ್ದರೆ ಮೊದಲು ಇದನ್ನೇ ನೋಡಿ.

7. ಕಳೆದುಹೋಗುವ ಪ್ಯಾಕೆಟ್‌ಗಳಿಗೆ ಮೊದಲೇ ದಾರಿ ಮಾಡಿ

ಒಂದೇ ಪ್ಯಾಕೆಟಿನ ಐಟಂ ತಪ್ಪಿದರೆ ಮುಂದಿನ ಸಲ ಸಿಗುತ್ತದೆ, ಅಷ್ಟೇ. ಕಷ್ಟ ಬರುವುದು ದೊಡ್ಡ ಐಟಂನಲ್ಲಿ. 20 ಪ್ಯಾಕೆಟಿನ ಅಪ್‌ಡೇಟ್ ಕಳಿಸುತ್ತೀರಿ, ನೂರರಲ್ಲಿ 20 ಪ್ಯಾಕೆಟ್ ಕಳೆದುಹೋಗುತ್ತವೆ ಅಂದುಕೊಳ್ಳಿ. ಒಂದೇ ಸುತ್ತಿನಲ್ಲಿ ಎಲ್ಲ 20 ಸಿಗುವ ಸಾಧ್ಯತೆ 0.8ರ 20ನೇ ಘಾತ, ಸುಮಾರು ನೂರಕ್ಕೆ ಒಂದು. ಮತ್ತೆ ಮೊದಲಿನಿಂದ ಕಳಿಸಿದರೆ ಒಬ್ಬರಿಗೆ 3ನೆಯದು ಬೇಕು, ಇನ್ನೊಬ್ಬರಿಗೆ 17ನೆಯದು. ಉಳಿದದ್ದೆಲ್ಲ ಅವರಿಗೆ ವ್ಯರ್ಥ.

ಇದಕ್ಕೆ ಇರೇಷರ್ ಕೋಡಿಂಗ್ ಬಳಸಿ. ಮೂಲ ಪ್ಯಾಕೆಟ್‌ಗಳನ್ನು ಬೇರೆ ಬೇರೆ ರೀತಿ ಬೆರೆಸಿ ಹೆಚ್ಚುವರಿ ಪ್ಯಾಕೆಟ್ ಮಾಡುತ್ತಾರೆ, ಯಾವುದಾದರೂ 20 ಅಥವಾ ಅದಕ್ಕಿಂತ ಒಂದೆರಡು ಜಾಸ್ತಿ ಸಿಕ್ಕಿದರೆ ಪೂರ್ತಿ ಐಟಂ ವಾಪಸ್ ಕಟ್ಟಬಹುದು. ಸರಾಸರಿ 25 ಪ್ಯಾಕೆಟ್ ಕಳಿಸುವಷ್ಟರಲ್ಲಿ 20 ತಲುಪುತ್ತವೆ, ಸ್ವಲ್ಪ ಅಂಚು ಬಿಟ್ಟು 30ರ ತನಕ ಕಳಿಸಿ. ಲೋರಾವ್ಯಾನ್‌ನಲ್ಲಿ ದೊಡ್ಡ ಫೈಲನ್ನು ತುಂಡು ಮಾಡಿ ಎಲ್ಲರಿಗೂ ಕಳಿಸುವ ವಿಧಾನದಲ್ಲಿ ಇದು ಈಗಾಗಲೇ ಇದೆ. ಮೊಬೈಲ್ ನೆಟ್‌ವರ್ಕ್‌ಗಳ ಬ್ರಾಡ್‌ಕಾಸ್ಟ್ ಪದ್ಧತಿಯಲ್ಲೂ ರಾಪ್ಟರ್ ಕೋಡ್ ಅನ್ನುವ ಇದೇ ಜಾತಿಯದ್ದು ಇದೆ. ನೀವೇ ಹೊಸದಾಗಿ ಬರೆಯಲು ಹೋಗಬೇಡಿ, ಲೈಬ್ರರಿ ಬಳಸಿ.

ಇನ್ನೆರಡು ಮಾತು. ಹತ್ತಿರದಲ್ಲಿ ಇನ್ನೊಂದು ಸಾಧನ ನಿಮಿಷಕ್ಕೊಮ್ಮೆ ಕಳಿಸುತ್ತಿದ್ದು ನಿಮ್ಮ ಸುತ್ತೂ ಸರಿಯಾಗಿ ಒಂದು ನಿಮಿಷ ಇದ್ದರೆ ಪ್ರತಿ ಸಲ ಅದೇ ಐಟಂ ಹೊಡೆತ ತಿನ್ನುತ್ತದೆ. ಸುತ್ತಿನ ಉದ್ದ 60 ಸೆಕೆಂಡ್, 5 ನಿಮಿಷ ಇಂಥ ದುಂಡು ಸಂಖ್ಯೆ ಆಗದ ಹಾಗೆ ನೋಡಿಕೊಳ್ಳಿ. ನಮ್ಮ 9 ಸ್ಲಾಟಿನ 90 ಸೆಕೆಂಡೂ ಅಷ್ಟು ಚೆನ್ನಾಗಿಲ್ಲ, ಸ್ಲಾಟನ್ನು 10.3 ಸೆಕೆಂಡ್ ಮಾಡಿದರೆ ಸಾಕು. ಎರಡನೆಯದು, ಪ್ರತಿ ಪ್ಯಾಕೆಟ್‌ನಲ್ಲೂ ಆವೃತ್ತಿ ಸಂಖ್ಯೆ ಇಡಿ. ಬೆಲೆ ಪಟ್ಟಿಯ ಮೊದಲರ್ಧ ನಿನ್ನೆಯದು, ಉಳಿದರ್ಧ ಇವತ್ತಿನದು ಸೇರಿಕೊಂಡು ಡಿಸ್‌ಪ್ಲೇ ಮೇಲೆ ಬಂದರೆ ಅದನ್ನು ನಂಬಿ ಅಡಿಕೆ ಮಾರಲು ಹೊರಟವರಿಗೆ ನಷ್ಟ. ಆವೃತ್ತಿ ಬದಲಾದರೆ ರಿಸೀವರ್ ಹಳೆಯ ತುಂಡುಗಳನ್ನೆಲ್ಲ ಎಸೆಯಬೇಕು.

8. ರಿಸೀವರ್‌ಗಳು ವಾಪಸ್ ಕೇಳಬಲ್ಲವಾದರೆ

ಕೆಲವರ ಸಿಸ್ಟಮ್‌ನಲ್ಲಿ ರಿಸೀವರ್ "ನನಗೆ ಇದು ಬೇಕು" ಅಂತ ಹೇಳಬಲ್ಲದು. ಆಗ ಬೇಡಿಕೆಯ ಪಾಲನ್ನು ಊಹಿಸಬೇಕಿಲ್ಲ, ಕಾಯುತ್ತಿರುವವರ ಪಟ್ಟಿಯೇ ಕೈಯಲ್ಲಿರುತ್ತದೆ. ಮೊದಲು ಕೇಳಿದವರಿಗೆ ಮೊದಲು ಅನ್ನುವ ನಿಯಮ ಇಲ್ಲಿ ಸರಿಹೋಗುವುದಿಲ್ಲ, ಒಂದು ಸಲ ಕಳಿಸಿದರೆ ಎಷ್ಟು ಜನರಿಗೆ ಸಿಗುತ್ತದೆ ಅನ್ನುವುದನ್ನು ಅದು ನೋಡುವುದೇ ಇಲ್ಲ. ಜಾಸ್ತಿ ಜನ ಕೇಳಿದ್ದನ್ನು ಮೊದಲು ಅಂದರೆ ಒಬ್ಬರೇ ಕೇಳಿದ್ದು ಎಂದೂ ಹೋಗದೇ ಇರಬಹುದು. ಅಕ್ಸೋಯ್ ಮತ್ತು ಫ್ರಾಂಕ್ಲಿನ್ 1998ರಲ್ಲಿ ಹೇಳಿದ ನಿಯಮ ಎರಡನ್ನೂ ಸೇರಿಸುತ್ತದೆ: ಕೇಳಿದವರ ಸಂಖ್ಯೆಯನ್ನು, ಅವರಲ್ಲಿ ಎಲ್ಲರಿಗಿಂತ ಮೊದಲು ಕೇಳಿದವರು ಕಾದ ಸಮಯದಿಂದ ಗುಣಿಸಿ. 10 ಜನ ಕೇಳಿದ್ದಾರೆ, 3 ಸೆಕೆಂಡ್ ಆಗಿದೆ ಅಂದರೆ 30. ಇಬ್ಬರೇ ಕೇಳಿದ್ದಾರೆ, ಆದರೆ 20 ಸೆಕೆಂಡ್ ಆಗಿದೆ ಅಂದರೆ 40. ಇಬ್ಬರದ್ದು ಮೊದಲು ಹೋಗುತ್ತದೆ.

ಆದರೆ ನೂರಾರು ರಿಸೀವರ್ ಒಟ್ಟಿಗೆ ಕೇಳಲು ಶುರು ಮಾಡಿದರೆ ಆ ಕೋರಿಕೆಗಳೇ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಎಲ್ಲರಿಗೂ ಬೇಕಾದ ಐದಾರು ಐಟಂಗಳನ್ನು ಸುತ್ತಿನಲ್ಲೇ ಇಟ್ಟು, ಅಪರೂಪದವನ್ನು ಮಾತ್ರ ಕೇಳಿ ಪಡೆಯುವ ಹಾಗೆ ಮಾಡಿ.

9. ಹೊರಗೆ ಇಡುವ ಮೊದಲು ಅಳೆಯಿರಿ

ಪೈಥಾನ್‌ನಲ್ಲಿ ನಿಮ್ಮ ಸುತ್ತನ್ನು ಬರೆದು, ಬೇಡಿಕೆಯ ಪಾಲಿಗೆ ತಕ್ಕಂತೆ ಯಾವುದೋ ಹೊತ್ತಿನಲ್ಲಿ ಯಾವುದೋ ಐಟಂ ಕೇಳುವ ಒಂದು ಲಕ್ಷ ಕೋರಿಕೆ ಹಾಕಿ ನೋಡಿ. ಸರಾಸರಿಯು 3ನೇ ಹಂತದ ಕನಿಷ್ಠ ಸಂಖ್ಯೆಗಿಂತ ತುಂಬ ಜಾಸ್ತಿ ಬಂದರೆ ಅಂತರ ಸಮ ಇಲ್ಲ ಅಂತ ಅರ್ಥ. ಅದಕ್ಕಿಂತ ಕಡಿಮೆ ಬಂದರೆ ನಿಮ್ಮ ಕೋಡ್‌ನಲ್ಲೇ ತಪ್ಪಿದೆ.

ಸರಾಸರಿ ಒಂದನ್ನೇ ನೋಡಿ ನಿಲ್ಲಬೇಡಿ. ಪ್ರತಿ ಐಟಂಗೆ ಅತಿ ದೊಡ್ಡ ಅಂತರ ಎಷ್ಟು ಅಂತಲೂ ಬರೆಯಿರಿ. ನಮ್ಮ ಸುತ್ತಿನಲ್ಲಿ ಸ ಗೆ ಅದು 9 ಸ್ಲಾಟ್, ಸೆಟ್ಟಿಂಗ್‌ಗೆ ಒಂದೂವರೆ ನಿಮಿಷ ಏನೂ ಅಲ್ಲ. ಅದೇ ಜಾಗದಲ್ಲಿ ಸಿಡಿಲಿನ ಎಚ್ಚರಿಕೆಯೋ ನದಿ ನೀರು ಏರುವ ಎಚ್ಚರಿಕೆಯೋ ಇದ್ದರೆ? ಅದನ್ನು ಜನ ದಿನಾ ನೋಡುವುದಿಲ್ಲ, ಬೇಡಿಕೆಯ ಪಾಲು ಸೊನ್ನೆಗೆ ಹತ್ತಿರ ಇರುತ್ತದೆ, ವರ್ಗಮೂಲದ ನಿಯಮ ಅದನ್ನು ಮೂಲೆಗೆ ತಳ್ಳುತ್ತದೆ. ಇಂಥ ಐಟಂಗಳನ್ನು ಈ ಲೆಕ್ಕದಿಂದ ಹೊರಗಿಡಿ. ಎಷ್ಟು ಸೆಕೆಂಡಿನೊಳಗೆ ತಲುಪಲೇಬೇಕು ಅಂತ ನಿರ್ಧರಿಸಿ, ಆ ಅಂತರದಲ್ಲಿ ಒಂದೊಂದು ಸ್ಲಾಟ್ ಕಾಯ್ದಿರಿಸಿ, ಎಲ್ಲ ರಿಸೀವರ್‌ಗಳೂ ಆ ಸ್ಲಾಟಿಗೆ ತಪ್ಪದೆ ಏಳುವ ಹಾಗೆ ಮಾಡಿ. ಎಚ್ಚರಿಕೆ ಇಲ್ಲದ ದಿನ ಆ ಸ್ಲಾಟಿನಲ್ಲಿ "ಏನೂ ಇಲ್ಲ" ಅಂತ ನಾಲ್ಕು ಬೈಟ್ ಹೋಗಲಿ, ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ಎಚ್ಚರಿಕೆ ಇಲ್ಲವೋ ಟ್ರಾನ್ಸ್‌ಮಿಟರೇ ನಿಂತಿದೆಯೋ ಅಂತ ರಿಸೀವರ್‌ಗೆ ಗೊತ್ತಾಗುವುದಿಲ್ಲ.

ಬೇಡಿಕೆಯ ಎಣಿಕೆಯನ್ನು ಋತು ಬದಲಾದಾಗಲೆಲ್ಲ ಮತ್ತೆ ತೆಗೆಯಿರಿ. ಬೇಸಿಗೆಯಲ್ಲಿ ಎಲ್ಲರೂ ಕರೆಂಟ್ ಸಮಯ ನೋಡುತ್ತಾರೆ, ಜೂನ್ ಬಂದರೆ ಪಂಪ್ ಯಾರಿಗೂ ಬೇಡ, ಮಳೆ ಮುನ್ಸೂಚನೆ ಮೇಲಕ್ಕೆ ಬರುತ್ತದೆ, ಕೊಯ್ಲು ಮುಗಿದ ಮೇಲೆ ಬೆಲೆ. ಹೊಸ ಪಾಲು ಹಾಕಿ ಹೊಸ ಸುತ್ತು ಮಾಡಿದಾಗ ಸುತ್ತಿನ ಆವೃತ್ತಿ ಸಂಖ್ಯೆಯನ್ನೂ ಬದಲಾಯಿಸಿ, ಹಳೆಯ ಸುತ್ತಿನ ಕೊನೆಯ ಒಂದು ಗಂಟೆ "ಇಷ್ಟು ಹೊತ್ತಿಗೆ ಕ್ರಮ ಬದಲಾಗುತ್ತದೆ" ಅನ್ನುವ ಸೂಚನೆ ಪ್ರತಿ ಪ್ಯಾಕೆಟ್‌ನಲ್ಲೂ ಹೋಗಲಿ. ಇಲ್ಲದಿದ್ದರೆ ಮಲಗಿದ್ದ ರಿಸೀವರ್‌ಗಳೆಲ್ಲ ತಪ್ಪು ಹೊತ್ತಿಗೆ ಎದ್ದು ಹುಡುಕಾಡುತ್ತವೆ.